ಇರ್ಯಾ ಕೆತ್ತಿದ ಕೊನೆಯ ಮೀನು

ವಾನಯವೇಸಿ ಸರೋವರದ ದಂಡೆಯಲ್ಲಿ ತೈಸ್ತೊನನ್ನು ಕಾಣದವರಿಲ್ಲ, ಅವನ ದನಿ ಕೇಳಿದವರು ಮಾತ್ರ ಕಡಿಮೆ. ಊರ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಹತ್ತುವವರಿಗೂ ಇಳಿಯುವವರಿಗೂ ತಲೆಯಾಡಿಸಿಯೇ ಆಯಸ್ಸು ಕಳೆದಿದ್ದ. ಮಾತಿನ ಬಾಬತ್ತನ್ನೆಲ್ಲ ಹೆಂಡತಿ ಇರ್ಯಾಳಿಗೆ ವಹಿಸಿಬಿಟ್ಟಿದ್ದ. ಆಕೆಯೂ ಅದನ್ನು ಧಾರಾಳವಾಗಿ ನಡೆಸಿಕೊಟ್ಟಳು.

ಇಬ್ಬರಿಗೂ ಇದ್ದ ಹುಚ್ಚು ಒಂದೇ. ಕುಹಾ ಮೀನು ಹಿಡಿಯಲು ಗಾಳಕ್ಕೆ ಸಿಕ್ಕಿಸುವ ಮೆತ್ತನೆಯ ಪ್ಲಾಸ್ಟಿಕ್ ಮರಿಮೀನುಗಳನ್ನು ಮನೆಯಲ್ಲೇ ಎರೆಯುವುದು. ಅಂಗಡಿಯವು ನೀರಿನಲ್ಲಿ ಹೆಣದ ಹಾಗೆ ಬರುತ್ತವೆ ಎಂದು ಇರ್ಯಾಳ ದೂರು. ಅವಳು ಮರದ ತುಂಡಿನಲ್ಲಿ ಮೀನು ಕೆತ್ತುವಳು. ಅದರಿಂದ ರೆಸಿನ್ ಎಂಬ, ಕಲಸಿದರೆ ಗಟ್ಟಿಯಾಗುವ ದ್ರವದ ಅಚ್ಚು ಮಾಡುವುದು ಇಬ್ಬರ ಕೆಲಸ, ಹಬೆಸ್ನಾನದ ಮನೆಯಾದ ಸೌನಾದ ಹೊರಕೋಣೆಯಲ್ಲಿ. ಮರದ ಮೀನನ್ನು ಜೇಡಿಮಣ್ಣಿನಲ್ಲಿ ಅರ್ಧ ಹುಗಿದು ಮೇಲೆ ರೆಸಿನ್ ಸುರಿದರೆ ಅಚ್ಚಿನ ಒಂದು ಹೋಳು. ಅದು ಗಟ್ಟಿಯಾದ ಮೇಲೆ ಮಗುಚಿ, ಮಣ್ಣು ತೆಗೆದು, ಮೂಲೆಮೂಲೆಗೂ ವ್ಯಾಸಲೀನ್ ಸವರಿ ಮತ್ತೆ ಸುರಿದರೆ ಇನ್ನೊಂದು ಹೋಳು. ಎರಡನ್ನೂ ಬಿಡಿಸಿ ಮರದ ಮೀನು ತೆಗೆದು, ಆ ಟೊಳ್ಳಿಗೆ ಕರಗಿಸಿದ ಪ್ಲಾಸ್ಟಿಕ್ ಎರೆದರೆ ಮರಿಮೀನು. ಸವರದಿದ್ದರೆ ಎರಡು ಹೋಳೂ ಕಚ್ಚಿಕೊಂಡು ಕಲ್ಲಾಗಿಬಿಡುತ್ತವೆ, ಮೀನು ಒಳಗೇ ಉಳಿಯುತ್ತದೆ. ಕಲಸುವುದು, ಸುರಿಯುವುದು ತೈಸ್ತೊನ ಪಾಲು. ಸವರುವುದು ಇರ್ಯಾಳದು, ಬರಿಯ ಬೆರಳಿನಲ್ಲಿ. ಮೊದಲ ಅಚ್ಚಿನಿಂದಲೂ ಹಾಗೆಯೇ.

ಸವರಿ ಮುಗಿಸಿ ಅವಳು ಪ್ರತಿ ಸಲವೂ ಹೇಳುವಳು: “ಹೂಂ, ಈಗ ಸುರಿ ಮಹಾರಾಯ. ಬಸ್ಸು ಹೊರಟೋಯ್ತು ಅನ್ನೋ ಥರ ಅವಸರ ಮಾಡ್ಬೇಡ.”

ಬಸ್ಸು ಓಡಿಸುವವನಿಗೇ ಈ ಮಾತು! ಅವನು ತುಟಿಯಂಚಿನಲ್ಲಿ ನಕ್ಕು ಸುರಿಯುವನು.

ಹೋದ ಶರತ್ಕಾಲದಲ್ಲಿ ಇರ್ಯಾ ಹಾಸಿಗೆ ಹಿಡಿದಳು. ಚಾಕು ಹಿಡಿದರೆ ಕೈ ನಡುಗುತ್ತಿತ್ತು, ಆದರೂ ಒಂದು ಮೀನು ಕೆತ್ತಿದಳು.

“ಬಾಲ ಸೊಟ್ಟ ಆಯ್ತಲ್ಲೋ.”

“ಇರ್ಲಿ ಬಿಡು.”

“ಇರ್ಲಿಯಂತೆ! ಕುಹಾಗೇನು ಕಣ್ಣಿಲ್ವಾ?” ಎಂದು ನಕ್ಕಳು. ನಗು ಕೆಮ್ಮಾಗಿ, ಸುಧಾರಿಸಿಕೊಳ್ಳಲು ಹೊತ್ತು ಹಿಡಿಯಿತು. ಆ ಸಂಜೆ ಮೊದಲ ಹೋಳನ್ನು ಇಬ್ಬರೂ ಸೇರಿಯೇ ಎರೆದರು. ಮರುದಿನ ಅವಳನ್ನು ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಅವಳು ಬರಲಿಲ್ಲ.

ಚಳಿಗಾಲವಿಡೀ ಆ ಅರ್ಧ ಅಚ್ಚು ಸೊಟ್ಟಬಾಲದ ಮೀನನ್ನು ಕಚ್ಚಿಕೊಂಡು ಹಲಗೆಯ ಮೇಲಿತ್ತು. ತೈಸ್ತೊ ಅದರತ್ತ ನೋಡುವುದನ್ನೇ ಬಿಟ್ಟಿದ್ದ. ಸರೋವರದ ಮಂಜುಗಡ್ಡೆ ಕರಗಿದಾಗ ಅವನಿಗೆ ಒಂದೇ ಆಸೆ ಉಳಿಯಿತು: ಅವಳ ಕೈಯ ಈ ಮೀನು ನೀರಿಗಿಳಿಯಬೇಕು, ಅದರ ಸೊಟ್ಟ ಬಾಲ ನೀರಿನಲ್ಲಿ ಹೇಗೆ ಆಡುತ್ತದೋ ಒಮ್ಮೆ ನೋಡಬೇಕು.

ಒಂದು ಬೆಳಿಗ್ಗೆ ಹೊರಕೋಣೆಗೆ ಹೋದ. ಅಚ್ಚು ಮಗುಚಿದ, ಮಣ್ಣು ತೆಗೆದ, ರೆಸಿನ್ ಹರಿದುಹೋಗದಂತೆ ಸುತ್ತ ಹಲಗೆ ಕಟ್ಟಿದ. ರೆಸಿನ್ ಕಲಸಿ ಲೋಟ ಹಿಡಿದು ನಿಂತ. ನಿಂತೇ ಇದ್ದ. ಯಾವುದಕ್ಕೆ ಕಾಯುತ್ತಿದ್ದೇನೆಂದು ಅವನಿಗೇ ತಿಳಿಯಲಿಲ್ಲ. ಕಲಸಿದ ರೆಸಿನ್ ಯಾರಿಗೂ ಕಾಯುವುದಿಲ್ಲ. ಲೋಟ ಬಿಸಿಯೇರಿ ಅಂಗೈ ಸುಡತೊಡಗಿದಾಗ ಗಾಬರಿಯಾಗಿ ಸುರಿದುಬಿಟ್ಟ.

ಮರುದಿನ ಎರಡು ಹೋಳುಗಳ ನಡುವಿನ ಸಂದಿಗೆ ಚಾಕು ತೂರಿಸಲು ಹೋದರೆ ಸಂದಿಯೇ ಇರಲಿಲ್ಲ. ಬಿಸಿನೀರಿನಲ್ಲಿ ಅದ್ದಿದ, ಉಳಿಯಿಟ್ಟು ಬಡಿದ. ಅದು ಜಪ್ಪಯ್ಯ ಅನ್ನಲಿಲ್ಲ. ಪಕ್ಕದ ಮನೆಯ ಕಲೆರ್ವೊ ಸದ್ದು ಕೇಳಿ, ತಿನ್ನುತ್ತಿದ್ದ ರೈ ಧಾನ್ಯದ ರೊಟ್ಟಿಯೊಂದಿಗೇ ಬಂದು ಇಣುಕಿದ.

“ಗರಗಸ ತರ್ಲೇನೋ? ಮಧ್ಯಕ್ಕೆ ಕುಯ್ದ್ರೆ ಬಿಟ್ಕೊಳ್ಳತ್ತೆ.”

“ಮೀನೂ ಎರಡಾಗತ್ತೆ.”

“ತಲೆ ನರೆಯೋವರೆಗೂ ಇದನ್ನೇ ಮಾಡ್ದೋನು ನೀನು. ಸವರೋದನ್ನ ಮರೆತ್ಯಾ ಮಾರಾಯ?”

“ಮರೀಲಿಲ್ಲ,” ಎಂದ ತೈಸ್ತೊ. “ಅದು ನನ್ನ ಕೆಲಸ ಆಗಿರ್ಲಿಲ್ಲ.”

ಕಲೆರ್ವೊ ಗೆಳೆಯನ ಬೆನ್ನ ಮೇಲೆ ಒಮ್ಮೆ ಕೈಯಿಟ್ಟು ಹೊರಟುಹೋದ.

ವ್ಯಾಸಲೀನಿನ ಡಬ್ಬಿ ಹಲಗೆಯ ಮೇಲೆ, ಅವಳು ಇಟ್ಟಲ್ಲೇ ಇತ್ತು. ತೈಸ್ತೊ ಮುಚ್ಚಳ ತಿರುಗಿಸಿದ. ಒಳಗೆ ಅವಳ ಬೆರಳು ಕೊನೆಯ ಸಲ ಬಾಚಿದ ಗೀರು ಹಾಗೆಯೇ ಇತ್ತು, ತುದಿಯಲ್ಲಿ ಉಗುರಿನ ಗುರುತು ಸಮೇತ. ಅವನು ತನ್ನ ಬೆರಳನ್ನು ಅದರ ಹತ್ತಿರಕ್ಕೆ ಒಯ್ದ, ಮುಟ್ಟಲಿಲ್ಲ. ಮುಚ್ಚಳ ಭದ್ರವಾಗಿ ಹಾಕಿ, ಆ ಕಲ್ಲಿನಂಥ ಅಚ್ಚನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಸಿದ. ಅವಳನ್ನು ಹೂಳುವಾಗಲೂ ಅಳದಿದ್ದ ಮನುಷ್ಯ ಈಗ ಬಿಕ್ಕಿ ಬಿಕ್ಕಿ ಅತ್ತ.

“ಅವಸರ ಮಾಡ್ಬಿಟ್ಟೆ ಕಣೇ,” ಎಂದ. “ನೀನು ಹೇಳೋಕ್ ಮುಂಚೇನೇ ಸುರಿದ್ಬಿಟ್ಟೆ.”