ಒಂದು ಬಸ್ಸಿಗೆ ಒಂದು ಮತ

ಕಂಪನಿ ದಿವಾಳಿಯಾದ ಸುದ್ದಿ ತಿಳಿಯುವ ಹಿಂದಿನ ದಿನ ನಾನು ಎಂದಿನಂತೆ ಚನ್ನಗಿರಿಯಿಂದ ಜಗಳೂರಿಗೆ ಬಸ್ಸು ಓಡಿಸಿದ್ದೆ. ನಾಲ್ಕು ವರ್ಷದ ಹಿಂದಿನ ಮಾತು. ಖಾಸಗಿ ಬಸ್ ಕಂಪನಿಯೊಂದರಲ್ಲಿ ನಾನು ಡ್ರೈವರ್. ನನ್ನ ಬಸ್ಸಿನ ಕಂಡಕ್ಟರ್ ರುದ್ರಣ್ಣ, ನನಗಿಂತ ಹಿರಿಯ, ನ್ಯಾಮತಿಯವನು. ಆ ದಿನ ತ್ಯಾವಣಿಗೆಯಲ್ಲಿ ಒಬ್ಬ ಅಜ್ಜಿ ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಹತ್ತಿದಳು.

“ಕೋಳಿಗೂ ಟಿಕೆಟ್ ಐತಜ್ಜಿ,” ಅಂದ ರುದ್ರಣ್ಣ.

“ಅವೇನು ಸೀಟಿನ ಮ್ಯಾಲೆ ಕುಂತಾವಾ?”

“ಕುಂತಿದ್ರೆ ಫುಲ್ ಟಿಕೆಟ್ ಹರೀತಿದ್ದೆ.”

ಬಸ್ಸೆಲ್ಲ ನಕ್ಕಿತು. ಅವನು ಹಿಂದಿನ ಬಾಗಿಲಿನಿಂದ ಸೀಟಿ ಊದಿದ, ನಾನು ಗೇರ್ ಹಾಕಿದೆ.

ಮರುದಿನ ಶೆಡ್ಡಿನ ಗೇಟಿಗೆ ನೋಟಿಸ್ ಅಂಟಿಸಿದ್ದರು. ಸಾಲ ತೀರಿಸಲಾಗದೆ ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋಗಿತ್ತು. ಅಂದರೆ ಆಡಳಿತ ಮಾಲೀಕರ ಕೈ ತಪ್ಪಿ, ಹೊರಗಿನಿಂದ ಒಬ್ಬ ಅಧಿಕಾರಿ ಬರುತ್ತಾರೆ. ಕೊಳ್ಳುವವರು ಸಿಕ್ಕರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಬಸ್ಸುಗಳನ್ನು ಬಿಡಿಬಿಡಿಯಾಗಿ ಮಾರುತ್ತಾರೆ. ಬಸ್ಸು ಓಡಿಸುತ್ತಲೇ ನಾವು ತಿಂಗಳುಗಟ್ಟಲೆ ಕಾದೆವು. “ನಾಳೆ ಬಸ್ಸು ಐತೇನ್ರೀ?” ಎಂದು ಪ್ರತಿ ಸ್ಟಾಪಿನಲ್ಲೂ ಜನ ಕೇಳುತ್ತಿದ್ದರು. ನಮಗೂ ಗೊತ್ತಿರಲಿಲ್ಲ. ಮನೆಯಲ್ಲಿ ಊಟಕ್ಕೆ ಕುಳಿತರೂ ಫೋನಿನ ಮೇಲೇ ಕಣ್ಣು.

ಕೊನೆಗೆ ಕೊಳ್ಳುವವರು ಬಂದರು. ಅವರ ಷರತ್ತು ಕಠಿಣವಾಗಿತ್ತು. ಎಲ್ಲರ ಸಂಬಳ ಕಡಿಮೆಯಾಗಬೇಕು, ಬಸ್ಸಿನಲ್ಲಿ ಕಂಡಕ್ಟರ್ ಇರಬಾರದು, ಟಿಕೆಟನ್ನು ಡ್ರೈವರೇ ಕೊಡಬೇಕು. ಹಳೆಯ ಒಪ್ಪಂದ ಹೀಗೆ ಬದಲಾಗಲು ಯೂನಿಯನ್ ಮತ ಹಾಕಿ ಒಪ್ಪಬೇಕು. ಒಪ್ಪದಿದ್ದರೆ ಅವರು ಹಿಂದೆ ಸರಿಯುತ್ತಾರೆ, ಎಲ್ಲರ ಕೆಲಸವೂ ಹೋಗುತ್ತದೆ.

ನಮ್ಮ ಯೂನಿಯನ್ನಿನಲ್ಲಿ ಒಂದು ಬಸ್ಸಿಗೆ ಒಂದೇ ಮತ. ಡ್ರೈವರನ್ನು ಕಂಡಕ್ಟರ್ ಮೇಲೆ ಯಾರೂ ಎತ್ತಿಕಟ್ಟಬಾರದೆಂದು ಹಿಂದಿನವರು ಮಾಡಿದ ರೂಢಿ ಅದು. ಟಿಕೆಟ್ ಮೆಷಿನ್ ಬಂದ ಮೇಲೂ ಹಳೆಯ ಕಾಗದದ ಟಿಕೆಟ್ ಕಟ್ಟೊಂದನ್ನು ಇದಕ್ಕಾಗಿಯೇ ಇಟ್ಟುಕೊಂಡಿದ್ದೆವು. ಇಬ್ಬರೂ ಮಾತಾಡಿಕೊಂಡು ಒಂದು ಟಿಕೆಟ್ ಡಬ್ಬಿಗೆ ಹಾಕಬೇಕು. ಪಂಚ್ ಹೊಡೆದಿದ್ದರೆ ಒಪ್ಪಿಗೆ, ಹೊಡೆಯದಿದ್ದರೆ ಇಲ್ಲ. ಪಂಚ್ ಹೊಡೆಯುವವನು ಯಾವಾಗಲೂ ಕಂಡಕ್ಟರ್.

ಸಭೆ ಹೊನ್ನಾಳಿಯಲ್ಲಿ ಸೇರಿತು. “ಒಬ್ಬೊಬ್ಬರೇ ಮತ ಹಾಕಿದರೆ ಒಳ್ಳೆಯದಲ್ಲವೇ?” ಎಂದು ದಿವಾಳಿ ಪ್ರಕ್ರಿಯೆ ನಡೆಸಲು ಬಂದಿದ್ದ ಅಧಿಕಾರಿ ಕೇಳಿದರು.

ಯೂನಿಯನ್ ಅಧ್ಯಕ್ಷ ಹಾಲಪ್ಪ ಎದ್ದು ನಿಂತ. “ನಮ್ದು ಹಿಂಗೇ ನಡ್ಕಂಡು ಬಂದೈತೆ ಸಾರ್. ನಮ್ಮನ್ನ ಒಡಿಯಾಕೆ ಬರಬ್ಯಾಡ್ರಿ.”

ಎಲ್ಲರೂ ಚಪ್ಪಾಳೆ ತಟ್ಟಿದೆವು, ಕಂಡಕ್ಟರ್‌ಗಳೂ ತಟ್ಟಿದರು. ನಾವು ಮಾಡಿಕೊಂಡದ್ದೇನು ಎಂದು ಅರ್ಥವಾದದ್ದು ಟಿಕೆಟ್ ಕೈಗೆ ಬಂದಾಗ. ಒಪ್ಪಿಗೆ ಎನ್ನಬೇಕಾದರೆ ಪ್ರತಿಯೊಬ್ಬ ಕಂಡಕ್ಟರೂ ತನ್ನ ಕೆಲಸಕ್ಕೆ ತಾನೇ ಪಂಚ್ ಹೊಡೆಯಬೇಕಿತ್ತು.

ಜೋಡಿಗಳು ಹೊರಗೆ ಬಂದು ಕಾಂಪೌಂಡಿನ ಉದ್ದಕ್ಕೂ ಇಬ್ಬಿಬ್ಬರಾಗಿ ನಿಂತರು. ಯಾರ ದನಿಯೂ ಮೇಲೇಳಲಿಲ್ಲ.

“ಹೊಡೀಬ್ಯಾಡ ರುದ್ರಣ್ಣ. ಹೋದ್ರೆ ಇಬ್ರೂ ಹೋಗಾಣ,” ಅಂದೆ.

“ಹೋಗಿ ಏನ್ ಮಾಡಾಣ? ಸೂಳೆಕೆರೆಯಾಗೆ ಮೀನು ಹಿಡಿಯಾಣ? ನಿನಗೆ ಈಜಾಕೂ ಬರಲ್ಲ.”

“ತಮಾಷೆ ಬ್ಯಾಡ. ನಿನ್ನ ಕೆಲ್ಸದ ಮಾತು ಇದು.”

“ನಾಳೆ ಬೆಳಗ್ಗೆ ಸ್ಟಾಪಿನಾಗೆ ಜನ ನಿಂತಿರ್ತಾರೆ ತಮ್ಮಾ. ಇಬ್ರಾಗೆ ಒಬ್ರಾದ್ರೂ ಹೋಗಬೇಕಲ್ಲ. ನನಗಂತೂ ಬಸ್ ಓಡ್ಸಾಕೆ ಬರಲ್ಲ.”

ನಾನು ಅವನ ಕೈ ಹಿಡಿದೆ. ಅವನು ನಿಧಾನಕ್ಕೆ ಬಿಡಿಸಿಕೊಂಡು ಟಿಕೆಟಿನ ಮೂಲೆಗೆ ಪಂಚ್ ಹೊಡೆದ. ಆಚೀಚೆ ಒಂದೊಂದಾಗಿ ಬೇರೆ ಪಂಚ್‌ಗಳ ಸದ್ದೂ ಕೇಳಿತು.

ಹಾಲಪ್ಪ ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಹೆಚ್ಚಿನ ಟಿಕೆಟ್‌ಗಳಿಗೆ ತೂತಿತ್ತು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕಂಪನಿ ಉಳಿಯಿತು. ರುದ್ರಣ್ಣ ನ್ಯಾಮತಿಯಲ್ಲಿ ಅಕ್ಕನ ಕಿರಾಣಿ ಅಂಗಡಿಯಲ್ಲಿ ಕುಳಿತ. ಯಾವಾಗಲಾದರೂ ಚನ್ನಗಿರಿಗೆ ಬಂದರೆ ನನ್ನ ಬಸ್ಸು ಹತ್ತುತ್ತಿದ್ದ. ಸೀಟು ಖಾಲಿ ಇದ್ದರೂ ಹಿಂದಿನ ಬಾಗಿಲ ಹತ್ತಿರವೇ ನಿಂತು, ಜೇಬಿನಿಂದ ಸೀಟಿ ತೆಗೆದು ಊದುತ್ತಿದ್ದ. ಯಾರಾದರೂ ತಿರುಗಿ ನೋಡಿದರೆ, “ಸಂಬಳ ಇಲ್ಲದ ಕಂಡಕ್ಟರ್ ರೀ,” ಅನ್ನುತ್ತಿದ್ದ. ಹೋದ ವರ್ಷ ಹೃದಯಾಘಾತವಾಗಿ ತೀರಿಕೊಂಡ. ಮಣ್ಣು ಮಾಡಿ ಬಂದ ಮರುದಿನ ನಾನು ಡ್ಯೂಟಿಗೆ ಹೋದೆ. ಸ್ಟಾಪಿನಲ್ಲಿ ಜನ ನಿಂತಿದ್ದರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಡ್ರೈವರ್ ಮುಂದಿನ ದಾರಿಯನ್ನು ತಾನೇ ನೋಡುತ್ತಾನೆ, ಹಿಂದೆ ಹತ್ತಿ ಇಳಿಯುವವರ ಜೀವವನ್ನು ಇನ್ನೊಬ್ಬನ ಮೇಲಿನ ನಂಬಿಕೆಗೆ ಬಿಟ್ಟಿರುತ್ತಾನೆ. ಈಗ ಅದಕ್ಕೆ ಕ್ಯಾಮೆರಾ ಇದೆ. ಬಾಗಿಲು ಸ್ವಿಚ್ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಆದರೂ ತ್ಯಾವಣಿಗೆಯಲ್ಲಿ ಎಲ್ಲರೂ ಹತ್ತಿದ ಮೇಲೆ ನಾನು ಗೇರ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕಾಯುತ್ತೇನೆ.

ಹಿಂದಿನಿಂದ ಸೀಟಿ ಬರುವುದಿಲ್ಲ.