ನಡೆಯದ ಸಭೆಯ ನಡಾವಳಿ

ತೊಂಬತ್ತರ ದಶಕದ ಕೊನೆಯಲ್ಲಿ ಕೆಲವು ವರ್ಷ ನಾನು ಚಳ್ಳಕೆರೆಯ ಒಂದು ಸಣ್ಣ ಸೇವಾ ಸಂಸ್ಥೆಯ ಕಾರ್ಯದರ್ಶಿಯಾಗಿದ್ದೆ. ನನ್ನ ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಆರಿಸಿದ್ದರು. ಬೇರೆ ಅರ್ಹತೆ ಯಾರೂ ಕೇಳಲಿಲ್ಲ, ನನ್ನಲ್ಲಿ ಇರಲೂ ಇಲ್ಲ. ಸಂಸ್ಥೆ ಮೊಳಕಾಲ್ಮುರು ತಾಲ್ಲೂಕಿನ ಹಟ್ಟಿಗಳಲ್ಲಿ ಬಾಲವಾಡಿಗಳನ್ನು ನಡೆಸುತ್ತಿತ್ತು. ಸಂಸ್ಥೆಯನ್ನು ನಡೆಸಲು ಏಳು ಜನರ ಆಡಳಿತ ಮಂಡಳಿ ಇತ್ತು.

ಮಂಡಳಿ ಎರಡು ತಿಂಗಳಿಗೊಮ್ಮೆ ಸಭೆ ಸೇರಬೇಕೆಂದು ಬೈಲಾ ಹೇಳುತ್ತಿತ್ತು. ಸೇರುತ್ತಿರಲಿಲ್ಲ. ಒಬ್ಬರಿಗೆ ಎಣ್ಣೆ ಮಿಲ್ಲು, ಒಬ್ಬರಿಗೆ ನೆಂಟರ ಮದುವೆ, ಒಬ್ಬರಿಗೆ ಮಧ್ಯಾಹ್ನದ ನಿದ್ದೆ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಅವರು ತಮ್ಮ ಜಗಲಿಯಲ್ಲಿ ಕುಳಿತು ಹೇಳುತ್ತಿದ್ದರು, ನಾನು ನಡಾವಳಿ ಪುಸ್ತಕದಲ್ಲಿ ಬರೆಯುತ್ತಿದ್ದೆ. ಆಮೇಲೆ ಪುಸ್ತಕವನ್ನು ಸೈಕಲ್ಲಿನ ಕ್ಯಾರಿಯರ್‌ಗೆ ಸಿಕ್ಕಿಸಿಕೊಂಡು ಮನೆಮನೆಗೆ ಹೋಗಿ ಸಹಿ ಹಾಕಿಸುತ್ತಿದ್ದೆ. ನಮ್ಮ ಸಭೆಗಳಲ್ಲಿ ದೀರ್ಘ ಚರ್ಚೆ ಆಗುತ್ತಿತ್ತು, ವಂದನಾರ್ಪಣೆ ತಪ್ಪುತ್ತಿರಲಿಲ್ಲ. ಒಮ್ಮೆ ಬೇಸರ ಕಳೆಯಲು ಮಿಲ್ಲಿನವರಿಂದ ಒಂದು ಆಕ್ಷೇಪ ಎತ್ತಿಸಿ, ಮುಂದಿನ ಸಾಲಿನಲ್ಲೇ ಹಿಂದಕ್ಕೆ ತೆಗೆಸಿದೆ. ಅವರು ಅದಕ್ಕೂ ಸಹಿ ಹಾಕಿದರು.

ಏಳನೆಯವರು ದೇವಸಮುದ್ರದ ಕಡೆಯ ಒಂದು ಹಟ್ಟಿಯ ಹಿರಿಯ ಹೆಂಗಸು. ಕುರಿ ಸಾಕಿದವರು, ಓದು ಬಾರದು. ಮಂಡಳಿಯಲ್ಲಿ ಒಬ್ಬ ಮಹಿಳೆ ಇರಬೇಕೆಂದು ಸೇರಿಸಿಕೊಂಡಿದ್ದರು. ಅವರ ಹೆಬ್ಬೆಟ್ಟಿಗಾಗಿ ನಾನು ಬಸ್ಸು ಹತ್ತಿ ಹೋಗಬೇಕಿತ್ತು.

"ಏನ್ ಬರ್ದೈತಪ್ಪಾ ಇದ್ರಾಗೆ?" ಎಂದು ಪ್ರತಿ ಸಲವೂ ಕೇಳುತ್ತಿದ್ದರು.

"ಮಾಮೂಲಿ ಕಣವ್ವ" ಅನ್ನುತ್ತಿದ್ದೆ. ವಾಪಸು ಬಸ್ಸು ಹಿಡಿಯುವ ಅವಸರ ನನಗೆ.

ಒಂದು ವರ್ಷ ಶೇಂಗಾ ಕೀಳುವ ಕಾಲದಲ್ಲಿ ಅಧ್ಯಕ್ಷರು ಆ ಕಡೆ ಹೋದವರು, ಮಧ್ಯಾಹ್ನ ಮೂರಕ್ಕೆ ಆ ಹಟ್ಟಿಯ ಬಾಲವಾಡಿಗೆ ಹೋಗಿ ನೋಡಿದರು. ಬಾಲವಾಡಿ ನಾಲ್ಕರವರೆಗೆ ತೆರೆದಿರಬೇಕು. ಬೀಗ. ಮರುವಾರ ಹೋದರು, ಮತ್ತೆ ಬೀಗ. ಶಿಕ್ಷಕಿಯನ್ನು ಕೆಲಸದಿಂದ ತೆಗೆಯಲು ಠರಾವು ಬರೆಸಿದರು.

"ತೆಗೆಯೋಕೆ ಮುಂಚೆ ಅವರನ್ನ ಸಭೆಗೆ ಕರ್ಸಿ ವಿವರಣೆ ಕೇಳ್ಬೇಕು ಅಂತ ಬೈಲಾದಾಗ ಐತಲ್ರಿ" ಎಂದೆ.

"ಕೇಳಿದ್ವಿ ಅಂತ ಬರಿಯಯ್ಯ."

"ಅವರು ಏನಂದ್ರು ಅಂತ ಬರೀಲಿ?"

"ಏನಂತಾಳೆ? ತಪ್ಪಾಯ್ತು ಅಂತಾಳೆ."

'ಶಿಕ್ಷಕಿಯು ಸಭೆಗೆ ಹಾಜರಾಗಿ ತನ್ನ ತಪ್ಪನ್ನು ಒಪ್ಪಿಕೊಂಡರು' ಎಂದು ದುಂಡಗೆ ಬರೆದೆ. ಐವರು ತಂತಮ್ಮ ಮನೆಗಳಲ್ಲಿ ಸಹಿ ಹಾಕಿದರು. ಹಟ್ಟಿಗೆ ಹೋಗಿ "ಮಾಮೂಲಿ ಕಣವ್ವ" ಎಂದು ಹೆಬ್ಬೆಟ್ಟನ್ನೂ ಒತ್ತಿಸಿಕೊಂಡು ಬಂದೆ. ಆದೇಶ ಅಂಚೆಯಲ್ಲಿ ಹೋಯಿತು.

ಅದು ತಲುಪಿದ ಮರುದಿನವೇ ಹಟ್ಟಿಯ ಆ ಹಿರಿಯ ಹೆಂಗಸು ಶಿಕ್ಷಕಿಯನ್ನು ಕರೆದುಕೊಂಡು ಚಳ್ಳಕೆರೆಗೆ, ನೇರ ನನ್ನ ಮನೆಗೆ ಬಂದರು. ಕೂರಲಿಲ್ಲ.

"ಶೇಂಗಾ ಕೀಳೋಕೆ ತಾಯಂದ್ರು ಆರಕ್ಕೇ ಹೊಲಕ್ಕೆ ಹೋಗ್ತಾರೆ. ಈಯಮ್ಮ ಆರಕ್ಕೇ ಬಾಗ್ಲು ತೆಗೆದು ಮಕ್ಕಳನ್ನ ಇಟ್ಕಂತಾಳೆ, ಒಂದಕ್ಕೆ ಅವ್ರು ವಾಪಸ್ ಬಂದ್ಮ್ಯಾಲೆ ಬೀಗ ಹಾಕ್ತಾಳೆ. ನಮ್ಮ ಮೊಮ್ಮಗನೂ ಅಲ್ಲೇ ಇರ್ತಾನೆ. ಅಂಥೋಳನ್ನ ತೆಗೀರಿ ಅಂತ ನನ್ನ ಕೈಯಾಗೇ ಒತ್ತಿಸ್ಕಂಡ್ಯಲ್ಲಪ್ಪಾ!"

ಶಿಕ್ಷಕಿ ಬೈಯಲಿಲ್ಲ. ಆರು ವರ್ಷದಿಂದ ಆ ಕೆಲಸವೇ ಅವರ ಮನೆಗೆ ಆಧಾರ. ಆದರೆ ಅವರು ಕೇಳಿದ್ದು ಬೇರೆ.

"ನಾನು ತಪ್ಪು ಒಪ್ಕೊಂಡೆ ಅಂತ ಕಾಗದದಾಗೆ ಐತೆ. ಊರಾಗೆಲ್ಲ ಅದನ್ನೇ ಕೇಳ್ತಾರೆ. ಸಭೇಲಿ ನಾನು ಏನಂದೆ ಅಂತ ಸ್ವಲ್ಪ ಓದಿ ಸಾರ್."

ಪುಸ್ತಕ ಮೇಜಿನ ಮೇಲೇ ಇತ್ತು. ಓದಿದೆ. ನನ್ನ ಜೀವಮಾನದಲ್ಲಿ ಅಷ್ಟು ಸಣ್ಣ ವಾಕ್ಯವನ್ನು ಓದಲು ಅಷ್ಟು ಹೊತ್ತು ಹಿಡಿದದ್ದಿಲ್ಲ. ಅವತ್ತೇ ಸಂಜೆ ಅಧ್ಯಕ್ಷರ ಜಗಲಿಗೆ ಹೋಗಿ ಎಲ್ಲ ಹೇಳಿದೆ.

ಮುಂದಿನ ಭಾನುವಾರ, ಸಂಸ್ಥೆಯ ಚರಿತ್ರೆಯಲ್ಲಿ ಮೊದಲ ಬಾರಿಗೆ, ಮಂಡಳಿ ಸಭೆ ಸೇರಿತು. ಹಿರಿಯರ ಹಟದ ಮೇರೆಗೆ ಆ ಬಾಲವಾಡಿಯಲ್ಲೇ ಸೇರಿತು. ಮಕ್ಕಳ ಚಾಪೆಯ ಮೇಲೆ ಏಳು ಜನ ಕಾಲು ಮಡಚಿ ಕುಳಿತರು. ಇಬ್ಬರು ಸದಸ್ಯರಿಗೆ ಒಬ್ಬರನ್ನೊಬ್ಬರು ನಾನೇ ಪರಿಚಯ ಮಾಡಿಕೊಡಬೇಕಾಯಿತು. ಪುಸ್ತಕದ ಪ್ರಕಾರ ಅವರು ಹಲವು ಸಲ ಒಬ್ಬರ ಠರಾವನ್ನು ಇನ್ನೊಬ್ಬರು ಅನುಮೋದಿಸಿದ್ದರು.

ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಆದೇಶ ರದ್ದಾಗಿದೆ, ಶಿಕ್ಷಕಿ ನಾಳೆಯಿಂದಲೇ ಕೆಲಸಕ್ಕೆ ಬರಬಹುದು ಎಂದರು. ಎಲ್ಲರೂ ಏಳಲು ಅಣಿಯಾದರು.

"ಆದೇಶ ರದ್ದಾಯ್ತು ಸಾರ್. ನಾನು ಒಪ್ಕೊಂಡೆ ಅಂತ ಐತಲ್ಲ, ಅದು?" ಎಂದರು ಶಿಕ್ಷಕಿ.

"ಅದು ಇದ್ರೆ ಇರ್ಲಿ ಬಿಡಮ್ಮ."

"ಅದಿದ್ರೆ ನಾನು ಬರಲ್ಲ ಸಾರ್. ಆ ಸಭೆ ನಡ್ದೇ ಇಲ್ಲ ಅಂತ ಬರೀರಿ."

ಅಧ್ಯಕ್ಷರು ನನ್ನ ಕಿವಿಗೆ ಬಾಗಿದರು. "ಒಂದು ಸಭೆ ನಡೆದಿಲ್ಲ ಅಂತ ಬರ್ದ್ರೆ ಉಳಿದವೆಲ್ಲ ಏನಾಗ್ತಾವಯ್ಯ?"

ಆ ಮಾತು ಹಿರಿಯರ ಕಿವಿಗೂ ಬಿತ್ತು. "ಏನಾಗ್ತಾವೋ ಆಗ್ಲಿ. ನೀ ಬರಿಯಪ್ಪಾ" ಎಂದರು.

ಬರೆದೆ. ಆ ದಿನ ಸಭೆ ನಡೆದಿಲ್ಲ. ಶಿಕ್ಷಕಿಯನ್ನು ಯಾರೂ ಕರೆದಿಲ್ಲ, ಅವರು ಏನನ್ನೂ ಒಪ್ಪಿಕೊಂಡಿಲ್ಲ. ಅವರ ಹೆಸರಿನಲ್ಲಿ ಸುಳ್ಳು ಬರೆದವನು ಈ ಕಾರ್ಯದರ್ಶಿ. ಗಟ್ಟಿಯಾಗಿ ಓದಿದೆ. ಯಾರೂ ಬೇಡವೆನ್ನಲಿಲ್ಲ. ಅಧ್ಯಕ್ಷರು ಕನ್ನಡಕ ಹಾಕಿಕೊಂಡು ತಾವೂ ಒಮ್ಮೆ ಓದಿ ಸಹಿ ಹಾಕಿದರು, ಉಳಿದವರೂ ಹಾಕಿದರು.

ಶಿಕ್ಷಕಿ ಪುಸ್ತಕ ತೆಗೆದುಕೊಂಡು ಆ ನಾಲ್ಕು ಸಾಲುಗಳ ಮೇಲೆ ಬೆರಳಿಟ್ಟು ಓದಿದರು. ಮುಚ್ಚಿ ನನಗೆ ಕೊಡುವಾಗ ನನ್ನ ಮುಖ ನೋಡಲಿಲ್ಲ. ಹಿರಿಯರ ಕಡೆ ತಿರುಗಿ, "ನಾಳೆ ಆರಕ್ಕೇ ಕಳ್ಸವ್ವ ಮೊಮ್ಮಗನ್ನ" ಎಂದರು.