ಎಡಚ ಕತ್ತರಿಸಿದ ರೀಲು

ಹಳೇ ಫಿಲ್ಮುಗಳನ್ನು ತೊಳೆದು, ಹರಿದಲ್ಲಿ ಅಂಟಿಸಿ, ಮತ್ತೆ ಓಡುವಂತೆ ಮಾಡುವುದು ಎಡಚನ ಕೆಲಸ. ಮೂವತ್ತೆಂಟು ವರ್ಷದಿಂದ ಅದೇ ನೆಲಮಾಳಿಗೆ, ಕೆಳಗಿನಿಂದ ದೀಪ ಉರಿಯುವ ಅದೇ ಗಾಜಿನ ಮೇಜು. ಎಡಗೈಯಲ್ಲಿ ಕತ್ತರಿ ಹಿಡಿಯುತ್ತಾನೆಂದು ಜೊತೆಯವರು ಇಟ್ಟ ಹೆಸರು ಅದು. ಸಿಟ್ಟು ಬಂದಾಗ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ದೊಡ್ಡಮ್ಮ. ಹತ್ತೊಂಬತ್ತರ ಹರೆಯದಲ್ಲಿ ಅವಳು ಒಂದೇ ಒಂದು ಮೂಕಿ ಚಿತ್ರದಲ್ಲಿ ನಟಿಸಿದ್ದಳು. ವಕೀಲರೊಬ್ಬರ ಕೊಲೆಯ ಪತ್ತೇದಾರಿ ಕಥೆ. ಅವಳದು ಮನೆಗೆಲಸದವಳ ಪಾತ್ರ. ಆರು ರೀಲಿನಲ್ಲಿ ಉಳಿದದ್ದು ಐದು. ಐದನೆಯದು ಮುಗಿಯುವಾಗ ಹೆಣದ ಪಕ್ಕ ಚಾಕು ಹಿಡಿದು ನಿಂತಿರುವವಳು ದೊಡ್ಡಮ್ಮನೇ. ಅಷ್ಟನ್ನೇ ನೋಡಿದ ನೆಂಟರು, ಅವಳು ತರಕಾರಿ ಹೆಚ್ಚಲು ಕೂತರೆ ಸಾಕು, "ಎಲ್ರೂ ದೂರ ಸರೀರಪ್ಪಾ" ಎಂದು ಕಾಲೆಳೆಯುತ್ತಿದ್ದರು. "ಕೊಂದೋರು ಬೇರೆ. ಕೊನೇಲಿ ಗೊತ್ತಾಗತ್ತೆ" ಎಂದು ಅವಳೂ ನಗುತ್ತಿದ್ದಳು.

ತೊಂಬತ್ತು ದಾಟಿದ ಮೇಲೆ ನಗು ನಿಂತಿತು. ನೆನಪು ಕಲಸುಮೇಲೋಗರವಾಗಿ, ಬೆಳಗ್ಗೆ ಎದ್ದವಳೇ ಕೇಳತೊಡಗಿದಳು: "ಆ ವಕೀಲರನ್ನ ನಾನು ಕೊಂದೆನೇನೋ?"

"ಅಯ್ಯೋ, ಅದು ಸಿನಿಮಾ ದೊಡ್ಡಮ್ಮ."

"ಬಾಯಿಮಾತು ಬೇಡ. ಬರೆದದ್ದಿದ್ರೆ ತೋರಿಸು."

ಮೂಕಿಯಲ್ಲಿ ಆಡಿದ ಮಾತೆಲ್ಲ ಪರದೆಯ ಮೇಲೆ ಬರಹವಾಗಿಯೇ ಬರುವುದು. ಆರನೆಯ ರೀಲು ತೋರಿಸಿದರೆ ಮುದುಕಿ ನೆಮ್ಮದಿಯಾಗಿ ಕಣ್ಣು ಮುಚ್ಚಿಯಾಳು. ಅವನಿಗಿದ್ದ ಆಸೆ ಅದೊಂದೇ.

ಊರೆಲ್ಲ ಹುಡುಕಿದ ರೀಲು ಸಿಕ್ಕಿದ್ದು ಅವನದೇ ನೆಲಮಾಳಿಗೆಯಲ್ಲಿ, ಸಾಬೂನಿನ ಜಾಹೀರಾತು ಎಂಬ ಚೀಟಿ ಹಚ್ಚಿದ ಡಬ್ಬಿಯೊಳಗೆ. ಅರವತ್ತರ ಹತ್ತಿರದ ಮನುಷ್ಯ ಕುಣಿದೇಬಿಟ್ಟ. ಬಿಚ್ಚಿ ನೋಡಿದರೆ, ದೊಡ್ಡಮ್ಮ ಪೊಲೀಸಿನವನ ಮುಂದೆ ನಿಂತು ಏನೋ ಹೇಳುತ್ತಾಳೆ, ಕಣ್ಣೊರೆಸಿಕೊಳ್ಳುತ್ತಾಳೆ, ಅವನ ಜೊತೆ ಬಾಗಿಲು ದಾಟುತ್ತಾಳೆ. ಮನೆಗೋ ಜೈಲಿಗೋ ತಿಳಿಯದು. ಆಡಿದ ಮಾತನ್ನು ತೋರಿಸುವ ಬರಹ ಒಂದೂ ಇಲ್ಲ. ಅದಿರಬೇಕಾದ ಒಂಬತ್ತು ಕಡೆಯೂ ಫಿಲ್ಮು ಕತ್ತರಿಸಿ ಅಂಟಿಸಿದ ಗುರುತು, ಪ್ರತಿಯೊಂದೂ ಎಡಕ್ಕೆ ಓರೆ. ಹಾಗೆ ಕತ್ತರಿಸುವವನು ಅಲ್ಲಿ ಒಬ್ಬನೇ.

ಆಗಿನ ಕಾಲದಲ್ಲಿ ಫಿಲ್ಮು ಉಳಿಸಲೆಂದು, ದೂರದೂರಿಗೆ ಹೋಗುವ ಪ್ರತಿಗಳಲ್ಲಿ ಪ್ರತಿ ಬರಹವನ್ನೂ ಎರಡೇ ಫ್ರೇಮು ಹಾಕಿ ಕಳಿಸುತ್ತಿದ್ದರು. ಓದುವಷ್ಟು ಹೊತ್ತು ನಿಲ್ಲುವಂತೆ ಅದನ್ನು ಉದ್ದ ಮಾಡಿಕೊಳ್ಳುವುದು ತರಿಸಿಕೊಂಡವರ ಪಾಡು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಡಚನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಫಕ್ಕನೆ ಮಿಂಚಿ ಹೋಗುವ ಆ ತುಣುಕು ಕಸವೆಂದೇ ತಿಳಿದು ರಾಶಿ ರಾಶಿ ರೀಲು ಶುಚಿ ಮಾಡಿದ್ದ. ದಿನಕ್ಕೆ ಇಪ್ಪತ್ತು ರೀಲು. ಅದರಲ್ಲಿರುವ ಮುಖ ಯಾರದೆಂದು ನೋಡಲು ಪುರುಸೊತ್ತೆಲ್ಲಿ? ಚುರುಕು ಕೈ ಎಂದು ಮೇಲಿನವರು ಬೆನ್ನು ಬೇರೆ ತಟ್ಟಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಹೋದದ್ದು ದೊಡ್ಡಮ್ಮನ ಮಾನ, ಕಳೆದವನು ಅವಳೇ ಉಣಿಸಿ ಬೆಳೆಸಿದವನು.

ಕಿವುಡು ಮಕ್ಕಳ ಶಾಲೆಯ ಟೀಚರೊಬ್ಬರು ತುಟಿ ನೋಡಿಯೇ ಮಾತು ಹಿಡಿಯುತ್ತಾರೆಂದು ಕೇಳಿ ಅವರನ್ನು ಕರೆತಂದ. ಅವರು ಮೂರು ಸಲ ನೋಡಿ ಕನ್ನಡಕ ತೆಗೆದರು.

"ಬೇಜಾರು ಮಾಡ್ಕೋಬೇಡಿ. ಅವರು ಎಣಿಸ್ತಿದಾರೆ. ಹದಿನೇಳು, ಹದಿನೆಂಟು, ಹತ್ತೊಂಬತ್ತು..."

ಮಾತು ಹೇಗೂ ಬರಹದಲ್ಲಿ ಬರುತ್ತದೆ, ನೀನು ಸುಮ್ಮನೆ ಬಾಯಾಡಿಸು ಎಂದು ಯಾರೋ ಹೇಳಿರಬೇಕು. ಎಡಚನಿಗೆ ನಗು ಬಂತು, ಹಿಂದೆಯೇ ಅಳು ಬಂತು.

ಆಮೇಲೆ ಅವನು ತನ್ನ ಕಸುಬಿನಲ್ಲಿ ಯಾರೂ ಮಾಡಬಾರದ್ದನ್ನು ಮಾಡಿದ. ಕಪ್ಪು ಹಲಗೆಯ ಮೇಲೆ ಬಿಳಿ ಬಣ್ಣದಲ್ಲಿ, ಹಳೇ ಕಾಲದ ಸುರುಳಿ ಅಕ್ಷರದಲ್ಲಿ, "ಇವಳು ಕೊಂದವಳಲ್ಲ" ಎಂದು ಬರೆದು, ಚಿತ್ರ ತೆಗೆದು, ರೀಲಿನ ನಡುವೆ ಅಂಟಿಸಿದ. ಭಾನುವಾರ ಮಧ್ಯಾಹ್ನ ಕಿಟಕಿಗೆ ಕಂಬಳಿ ಕಟ್ಟಿ, ದೊಡ್ಡಮ್ಮನ ಕೋಣೆಯ ಗೋಡೆಯ ಮೇಲೆ ಓಡಿಸಿದ.

ಬರಹ ಬಂತು. ದೊಡ್ಡಮ್ಮ ಬೆರಳಾಡಿಸುತ್ತ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಇನ್ನೇನು ನಗುತ್ತಾಳೆ ಎಂದು ಅವನು ಕಾದ.

"ಈ 'ಳ' ನಿಂದಲ್ವೇನೋ? ಎಷ್ಟು ತಿದ್ದಿಸಿದ್ರೂ ಹೀಗೇ ಬಾಲ ಬಿಡ್ತಿದ್ದೆ."

ಅವನು ರೀಲು ನಿಲ್ಲಿಸಿ ಕಣ್ಣೊರೆಸಿಕೊಂಡ.

"ನನ್ನ ಉಳಿಸೋಕೆ ಸುಳ್ಳು ಬರೆದ್ಯಾ?" ಅವಳು ಅವನ ತಲೆಯನ್ನು ಮಡಿಲಿಗೆ ಎಳೆದುಕೊಂಡಳು. "ಹಾಗಾದ್ರೆ ಕೊಂದದ್ದು ನಾನೇ. ಆಯ್ತು ಬಿಡು, ಅಳಬೇಡ. ಯಾರಿಗೂ ಹೇಳ್ಬೇಡ."